ಎರಡೂ ಒಂದೇ ಅಲ್ಲ, ಆದರೆ..

ಮೊನ್ನೆ ಬುಧವಾರ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಮ್ಮ ಆಫೀಸ್ ಕ್ಯಾಬ್ ಮುಕ್ಕಾಲು ಗಂಟೆ ನಿಂತಿತ್ತು. ಜೊತೆಗೆ ಮಳೆ. ಒಳಗಿದ್ದವರು ನಾಲ್ಕು ಜನ. ಮೊದಲು ರಸ್ತೆಗೆ ಬೈದೆವು, ಆಮೇಲೆ ಕಾರ್ಪೊರೇಷನ್ನಿಗೆ, ಆಮೇಲೆ ರಾಜಕಾರಣಿಗಳಿಗೆ. ಅಷ್ಟಾದರೂ ಗಾಡಿ ಮುಂದೆ ಹೋಗಲಿಲ್ಲವಾದ್ದರಿಂದ ಕೊನೆಗೆ ಪ್ರಜಾಪ್ರಭುತ್ವಕ್ಕೇ ಬೈಯಲು ಶುರು ಮಾಡಿದೆವು.

ಮಂಡ್ಯ ಕಡೆಯ ಗೆಳೆಯ ಅಂದ, "ಈ ದೇಶಕ್ಕೆ ಡೆಮಾಕ್ರಸಿ ಲಾಯಕ್ಕಿಲ್ಲ ಗುರೂ. ಒಂದು ಹತ್ತು ವರ್ಷ ಹಿಟ್ಲರ್ ಥರ ಒಬ್ಬ ಬರಬೇಕು. ಎಲ್ರೂ ನೆಟ್ಟಗಾಗ್ತಾರೆ."

ಮಂಗಳೂರಿನವನು ಬಿಡಲಿಲ್ಲ. "ಹಿಟ್ಲರ್ ಎಂತಕ್ಕೆ ಮಾರಾಯ? ಚೀನಾದ ಹಾಗೆ ಕಮ್ಯುನಿಸ್ಟರು ಬಂದ್ರೆ ಸಾಕು. ಅವರದ್ದು ಉದ್ದೇಶ ಆದ್ರೂ ಒಳ್ಳೇದುಂಟು. ಬಡವರ ಪರ."

ಮುಂದಿನ ಸೀಟಿನಲ್ಲಿದ್ದವನು ಮೊಬೈಲಿನಿಂದ ತಲೆ ಎತ್ತದೆ, "ಎರಡೂ ಒಂದೇ ಕಣ್ರೋ. ಬಾವುಟದ ಬಣ್ಣ ಬೇರೆ ಅಷ್ಟೆ" ಅಂದ.

ನಾಲ್ಕನೆಯವನು ನಾನು. ಸುಮ್ಮನಿದ್ದೆ. ಹೇಳಲು ಏನೂ ಇರಲಿಲ್ಲ ಅಂತಲ್ಲ, ಆ ಮೂರೂ ಮಾತುಗಳನ್ನು ಒಂದಲ್ಲ ಒಂದು ಕಾಲದಲ್ಲಿ ನಾನೇ ಆಡಿದ್ದೆ! ಮನೆಗೆ ಬಂದ ಮೇಲೆ ನಿದ್ದೆ ಬರಲಿಲ್ಲ. ಕ್ಯಾಬಿನಲ್ಲಿ ಹೇಳಬೇಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತೆ, ಕಾಫಿ ತಗೊಂಡು ಕೂತ್ಕೊಳ್ಳಿ.

ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿ ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಹಿಟ್ಲರನ 'ಮೈನ್ ಕಾಂಫ್' ಕೊಂಡುಕೊಂಡಿದ್ದೆ. ನಿಜ ಹೇಳಬೇಕೆಂದರೆ ನಲವತ್ತು ಪುಟಕ್ಕಿಂತ ಹೆಚ್ಚು ಓದಲಿಲ್ಲ. ಹಾಸ್ಟೆಲಿನ ಮೇಜಿನ ಮೇಲೆ ಎಲ್ಲರಿಗೂ ಕಾಣುವ ಹಾಗೆ ಇಟ್ಟಿದ್ದೆ. ರಜೆಗೆ ಊರಿಗೆ ಒಯ್ದಾಗ ಅಪ್ಪ ನೋಡಿದರು. ಅಪ್ಪ ಹೈಸ್ಕೂಲ್ ಮೇಷ್ಟ್ರು. ಅವರ ಕಪಾಟಿನಲ್ಲಿ ನವಕರ್ನಾಟಕದ ಅಂಗಡಿಯಿಂದ ತಂದ ಸೋವಿಯತ್ ಪುಸ್ತಕಗಳ ಸಾಲೇ ಇತ್ತು. ದಪ್ಪ ರಟ್ಟು, ಒಳ್ಳೆಯ ಕಾಗದ, ಬೆಲೆ ಮಾತ್ರ ಕಡಲೆಪುರಿಯಷ್ಟು. ನಾನು ಪಿಯುಸಿಯಲ್ಲಿ ಒದ್ದಾಡಿದ ಇರೊಡೋವ್ ಫಿಸಿಕ್ಸ್ ಪುಸ್ತಕವೂ ಮಾಸ್ಕೋದ ಮಿರ್ ಪ್ರಕಾಶನದ್ದೇ. ಅಪ್ಪ ನನ್ನ ಪುಸ್ತಕವನ್ನು ತಿರುಗಿಸಿ ನೋಡಿ ಹೇಳಿದ್ದು ಇಷ್ಟೆ: "ಓದು, ಬೇಡ ಅನ್ನಲ್ಲ. ಆದ್ರೆ ಆಳಿದವರ ಪುಸ್ತಕ ಓದಿದ ಮೇಲೆ ಆಳಿಸಿಕೊಂಡವರ ಪುಸ್ತಕಾನೂ ಒಂದು ಓದು."

ಆ ಮಾತು ತಲೆಯಲ್ಲಿ ಉಳಿದುಕೊಂಡಿತ್ತು. ಕೆಲಸಕ್ಕೆ ಸೇರಿ ಎರಡು ವರ್ಷದ ಮೇಲೆ, ಆನ್‌ಸೈಟಿನಿಂದ ಬಂದ ಸೀನಿಯರ್ ಒಬ್ಬರ ಹತ್ತಿರ ಒಂದು ಪುಸ್ತಕ ಸಿಕ್ಕಿತು. 'ಅಂಡರ್ ಟೂ ಡಿಕ್ಟೇಟರ್ಸ್'. ಬರೆದವಳು ಮಾರ್ಗರೆಟ್ ಬೂಬರ್-ನಾಯ್ಮನ್ ಎಂಬ ಜರ್ಮನ್ ಹೆಂಗಸು. ಈಕೆ ಸ್ಟಾಲಿನ್ನನ ಲೇಬರ್ ಕ್ಯಾಂಪಿನಲ್ಲೂ ಇದ್ದಳು, ಹಿಟ್ಲರನ ಕಾನ್ಸಂಟ್ರೇಶನ್ ಕ್ಯಾಂಪಿನಲ್ಲೂ ಇದ್ದಳು. ಎರಡನ್ನೂ ಮೈಮೇಲೆ ಅನುಭವಿಸಿ, ಬದುಕಿ ಬಂದು ಬರೆದವಳು. ಕಮ್ಯುನಿಸಂ, ಫ್ಯಾಸಿಸಂ ಎರಡರ ವ್ಯತ್ಯಾಸ ಹೇಳಲು ಇವಳಿಗಿಂತ ಯೋಗ್ಯರು ಯಾರಿದ್ದಾರೆ?

ಆಕೆಯ ಕಥೆ ಚುಟುಕಾಗಿ ಹೇಳ್ತೀನಿ. ಹುಟ್ಟಿದ್ದು 1901ರಲ್ಲಿ, ಪಾಟ್ಸ್‌ಡಾಮಿನಲ್ಲಿ. 1926ರಲ್ಲಿ ಜರ್ಮನ್ ಕಮ್ಯುನಿಸ್ಟ್ ಪಕ್ಷ ಸೇರಿದಳು. ಆ ಪಕ್ಷದ ದೊಡ್ಡ ನಾಯಕರಲ್ಲೊಬ್ಬನಾದ ಹೈನ್ಜ್ ನಾಯ್ಮನ್ ಆಕೆಯ ಸಂಗಾತಿ. ಹಿಟ್ಲರ್ ಬಂದ ಮೇಲೆ ಇವರು ದೇಶ ಬಿಟ್ಟು ಅಲ್ಲಿ ಇಲ್ಲಿ ಅಲೆದು 1935ರಲ್ಲಿ ಮಾಸ್ಕೋಗೆ ಬಂದರು. ಕಾರ್ಮಿಕರ ತವರುಮನೆ ಅಂದುಕೊಂಡು ಬಂದವರು. 1937ರ ಏಪ್ರಿಲಿನ ಒಂದು ರಾತ್ರಿ ಪೊಲೀಸರು ಬಂದು ಹೈನ್ಜ್‌ನನ್ನು ಕರೆದೊಯ್ದರು. ಅದೇ ವರ್ಷ ನವೆಂಬರಿನಲ್ಲಿ ಗುಂಡಿಟ್ಟು ಕೊಂದರು. ಆಕೆಗೆ ಅದನ್ನು ಯಾರೂ ತಿಳಿಸಲಿಲ್ಲ. 1938ರಲ್ಲಿ ಆಕೆಯ ಸರದಿ. ಐದು ವರ್ಷ ಶಿಕ್ಷೆ, ಕಝಾಕಿಸ್ತಾನದ ಕರಗಂಡ ಕ್ಯಾಂಪು. ಅಪರಾಧ? "ಸಮಾಜಕ್ಕೆ ಅಪಾಯಕಾರಿ ವ್ಯಕ್ತಿ."

ಇಲ್ಲಿಗೆ ನಿಲ್ಲಿಸ್ತೀನಿ, ಉಳಿದದ್ದು ಆಮೇಲೆ. ಮೊದಲು ಮುಂದಿನ ಸೀಟಿನ ಗೆಳೆಯನಿಗೆ ಉತ್ತರ. ಎರಡೂ ಒಂದೇನಾ? ಅಲ್ಲ. ನನಗೆ ಕಂಡ ನಾಲ್ಕು ವ್ಯತ್ಯಾಸ ಇಲ್ಲಿವೆ.

ಮೊದಲನೆಯದು, ಹೇಳುವ ಮಾತು. 1935ರ ಸೆಪ್ಟೆಂಬರಿನಲ್ಲಿ ನಾಜಿಗಳು ನ್ಯೂರೆಂಬರ್ಗ್ ಕಾನೂನು ತಂದರು. ಯಹೂದಿಗಳಿಗೆ ಪೌರತ್ವ ಇಲ್ಲ, ಅವರು ಜರ್ಮನ್ನರನ್ನು ಮದುವೆಯಾಗುವಂತಿಲ್ಲ. ಕ್ರೌರ್ಯ ಕಾನೂನಿನಲ್ಲೇ ಅಚ್ಚಾಗಿದೆ, ಮುಚ್ಚುಮರೆಯಿಲ್ಲ. 1936ರ ಡಿಸೆಂಬರಿನಲ್ಲಿ ಸ್ಟಾಲಿನ್ ಹೊಸ ಸಂವಿಧಾನ ತಂದ. ಅದರಲ್ಲಿ ಏನೇನಿತ್ತು ಗೊತ್ತಾ? ವಾಕ್ ಸ್ವಾತಂತ್ರ್ಯ, ಪತ್ರಿಕಾ ಸ್ವಾತಂತ್ರ್ಯ, ಸಭೆ ಸೇರುವ ಸ್ವಾತಂತ್ರ್ಯ, ಎಲ್ಲರಿಗೂ ಓಟು! ಓದಿದರೆ ಖುಷಿಯಾಗಬೇಕು. ಅದರ ಕರಡು ಬರೆಯುವುದರಲ್ಲಿ ಮುಖ್ಯ ಪಾತ್ರ ವಹಿಸಿದ್ದವನು ಬುಖಾರಿನ್. 1937ರ ಫೆಬ್ರವರಿಯಲ್ಲಿ ಅವನನ್ನೇ ಬಂಧಿಸಿದರು, 1938ರ ಮಾರ್ಚಿನಲ್ಲಿ ಗುಂಡಿಟ್ಟರು. ತಾನೇ ಬರೆದ ಸಂವಿಧಾನ ಅವನನ್ನು ಒಂದೂವರೆ ವರ್ಷವೂ ಕಾಯಲಿಲ್ಲ. ಅಲ್ಲಿ ಕಾನೂನೇ ಕೆಟ್ಟದ್ದು, ಇಲ್ಲಿ ಕಾನೂನು ಬಂಗಾರ, ನಡೆದದ್ದು ಇನ್ನೊಂದು.

ಎರಡನೆಯದು, ಯಾರನ್ನು ಹಿಡಿಯುತ್ತಾರೆ ಅನ್ನುವುದು. ನಾಜಿಗಳಿಗೆ ಅಪರಾಧವೆಂದರೆ ಹುಟ್ಟು. ಅಜ್ಜ ಅಜ್ಜಿಯರು ನಾಲ್ವರಲ್ಲಿ ಮೂವರು ಯಹೂದಿಗಳಾಗಿದ್ದರೆ ನೀನು ಯಹೂದಿ, ಮುಗೀತು. ನೀನು ಚರ್ಚಿಗೆ ಹೋಗುತ್ತಿದ್ದರೂ ಅಷ್ಟೆ, ಮೊದಲ ಮಹಾಯುದ್ಧದಲ್ಲಿ ಜರ್ಮನಿಗಾಗಿ ಕಾದಾಡಿ ಪದಕ ಗಳಿಸಿದ್ದರೂ ಅಷ್ಟೆ. ಹುಟ್ಟಿನಿಂದ ಮನುಷ್ಯನನ್ನು ಅಳೆಯುವ ಚಟ ನಮಗೂ ಹೊಸದಲ್ಲವಾದ್ದರಿಂದ ಇದು ನಮಗೆ ಬೇಗ ಅರ್ಥವಾಗುತ್ತೆ. ಅವರು ಯಹೂದಿಯಿಂದ ತಪ್ಪೊಪ್ಪಿಗೆ ಕೇಳಲಿಲ್ಲ. ಏನಂತ ಒಪ್ಪಿಕೊಳ್ಳುವುದು, ಹುಟ್ಟಿದ್ದು ತಪ್ಪಾಯಿತು ಅಂತಲೇ? ಸುಮಾರು 60 ಲಕ್ಷ ಯಹೂದಿಗಳನ್ನು ಹಾಗೆ ಕೊಂದರು.

ಸ್ಟಾಲಿನ್ನನಿಗೆ ಮಾತ್ರ ತಪ್ಪೊಪ್ಪಿಗೆ ಬೇಕೇ ಬೇಕು. 1936ರಿಂದ 38ರವರೆಗೆ ಮಾಸ್ಕೋದಲ್ಲಿ ನಡೆದ ವಿಚಾರಣೆಗಳಲ್ಲಿ ಲೆನಿನ್ನನ ಜೊತೆ ಕ್ರಾಂತಿ ಮಾಡಿದ ಜಿನೋವಿಯೆವ್, ಕಾಮೆನೆವ್, ಬುಖಾರಿನ್ ಎಲ್ಲರೂ ಕಟಕಟೆಯಲ್ಲಿ ನಿಂತು ನಾವು ದ್ರೋಹಿಗಳು ಅಂತ ಒಪ್ಪಿಕೊಂಡರು. ಇಲ್ಲಿ ಕೊಲ್ಲಲ್ಪಟ್ಟವರಲ್ಲಿ ಪಕ್ಷದ ನಂಬಿಗಸ್ತರೇ ಸಾವಿರಾರು ಜನ. 1934ರ ಪಕ್ಷದ ಮಹಾಧಿವೇಶನದಲ್ಲಿ ಆಯ್ಕೆಯಾದ ಕೇಂದ್ರ ಸಮಿತಿಯ ಸದಸ್ಯರು, ಅಭ್ಯರ್ಥಿ ಸದಸ್ಯರು ಸೇರಿ 139 ಜನ. ಅವರಲ್ಲಿ 98 ಜನರನ್ನು ಬಂಧಿಸಿ ಕೊಂದರು ಅಂತ 1956ರಲ್ಲಿ ಖ್ರುಶ್ಚೇವ್‌ನೇ ಹೇಳಿದ. ಹಿಟ್ಲರನೂ 1934ರ ಜೂನ್ ಕೊನೆಯಲ್ಲಿ ತನ್ನದೇ ಪಡೆಯ ರೋಮ್ ಮತ್ತವನ ಕಡೆಯವರನ್ನು ಕೊಲ್ಲಿಸಿದ, ಇಲ್ಲ ಅನ್ನಲ್ಲ. ಆದರೆ ನಿಷ್ಠಾವಂತ ನಾಜಿಯೊಬ್ಬ ರಾತ್ರಿ ನಿಶ್ಚಿಂತೆಯಾಗಿ ಮಲಗಬಹುದಿತ್ತು. ನಿಷ್ಠಾವಂತ ಕಮ್ಯುನಿಸ್ಟನಿಗೆ 1937ರ ಮಾಸ್ಕೋದಲ್ಲಿ ನಿದ್ದೆ ಬರುತ್ತಿರಲಿಲ್ಲ.

ಈ ಗೆರೆ ಅಷ್ಟು ನೇರವಾಗಿಲ್ಲ, ಅದನ್ನೂ ಹೇಳಿಬಿಡಬೇಕು. 1944ರಲ್ಲಿ ಸ್ಟಾಲಿನ್ ಚೆಚೆನ್ ಜನಾಂಗವನ್ನು ಮಕ್ಕಳು ಮುದುಕರೆನ್ನದೆ ರೈಲಿಗೆ ತುಂಬಿ ಮಧ್ಯ ಏಷ್ಯಾಕ್ಕೆ ಸಾಗಿಸಿದ. ಅದು ಹುಟ್ಟಿನ ಲೆಕ್ಕವೇ. ಇನ್ನೊಂದು ಕಡೆ ನಾಜಿಗಳು ಯೆಹೋವನ ಸಾಕ್ಷಿಗಳೆಂಬ ಕ್ರೈಸ್ತ ಪಂಗಡದವರಿಗೆ ಒಂದು ಕಾಗದ ಕೊಟ್ಟು, ನಂಬಿಕೆ ಬಿಟ್ಟೆ ಅಂತ ಸಹಿ ಹಾಕಿದರೆ ಬಿಡುಗಡೆ ಅನ್ನುತ್ತಿದ್ದರು. ಬಹಳಷ್ಟು ಜನ ಸಹಿ ಹಾಕಲಿಲ್ಲ. ಮಾರ್ಗರೆಟ್ ಆ ಹೆಂಗಸರ ಬ್ಯಾರಕ್ಕಿನ ಮೇಲ್ವಿಚಾರಕಿಯಾಗಿದ್ದಳು, ಅವರ ಹಟವನ್ನು ಕಣ್ಣಾರೆ ಕಂಡು ಬರೆದಿದ್ದಾಳೆ.

ಮೂರನೆಯದು ಆಸ್ತಿ. ಕಮ್ಯುನಿಸ್ಟರು ಕಾರ್ಖಾನೆ, ಹೊಲ, ಅಂಗಡಿ ಎಲ್ಲವನ್ನೂ ಸರ್ಕಾರದ್ದು ಮಾಡಿದರು. ಹೊಲ ಕೊಡದ ರೈತನಿಗೆ 'ಕುಲಾಕ್' ಅಂತ ಹೆಸರಿಟ್ಟು ಗಡೀಪಾರು ಮಾಡಿದರು. ಧಾನ್ಯ ಕಿತ್ತುಕೊಂಡು ಹೋದ ಮೇಲೆ 1932-33ರಲ್ಲಿ ಉಕ್ರೇನಿನಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಅದೂ ಗೋಧಿಯ ಕಣಜ ಅನ್ನಿಸಿಕೊಂಡ ನಾಡಿನಲ್ಲಿ! ಫ್ಯಾಸಿಸ್ಟರು ಆಸ್ತಿ ಕೀಳುವ ಗೋಜಿಗೆ ಹೋಗಲಿಲ್ಲ (ಯಹೂದಿಗಳ ಆಸ್ತಿ ಬಿಟ್ಟು). ಕ್ರುಪ್ ಕ್ರುಪ್ಪನೇ ಆಗಿ ಉಳಿದ, ಬೋರ್ಡಿನ ಮೇಲೆ ಅದೇ ಹೆಸರು, ಲಾಭವೂ ಅವನದೇ. ತಯಾರಿಸುವುದು ಏನು ಅನ್ನುವುದನ್ನು ಮಾತ್ರ ಸರ್ಕಾರ ಹೇಳುತ್ತೆ. ಒಲ್ಲೆ ಅಂದರೆ? ವಿಮಾನ ಕಟ್ಟುತ್ತಿದ್ದ ಹ್ಯೂಗೊ ಯುಂಕರ್ಸ್ ಒಲ್ಲೆ ಅಂದ. ಪೇಟೆಂಟು, ಕಂಪನಿ ಎಲ್ಲ ಕಳೆದುಕೊಂಡು ಗೃಹಬಂಧನದಲ್ಲಿದ್ದು 1935ರಲ್ಲಿ ಸತ್ತ. ಅವನ ಹೆಸರಿನ ವಿಮಾನಗಳು ಮಾತ್ರ ಆಮೇಲೆ ಯುರೋಪಿನ ಮೇಲೆಲ್ಲ ಬಾಂಬು ಹಾಕಿದವು.

ನಾಲ್ಕನೆಯದು, ಮುಗಿಯುವ ರೀತಿ. ಫ್ಯಾಸಿಸಂ ಒಬ್ಬ ನಾಯಕನ ಸುತ್ತ ಕಟ್ಟಿದ್ದು. ಹಿಟ್ಲರ್ 1945ರ ಏಪ್ರಿಲ್ 30ಕ್ಕೆ ಸತ್ತ, ಎಂಟು ದಿನದಲ್ಲಿ ಜರ್ಮನಿ ಶರಣಾಯಿತು, ನಾಜಿ ಪಕ್ಷದ ಕಥೆ ಮುಗೀತು. 12 ವರ್ಷದ ಆಟ. ಮುಸೊಲಿನಿಯ ಇಟಲಿ 1922ರಿಂದ 1943ರವರೆಗೆ. ಎರಡನ್ನೂ ಮುಗಿಸಲು ಒಂದು ಮಹಾಯುದ್ಧ ಬೇಕಾಯಿತು ಅನ್ನುವುದನ್ನು ಮರೆಯಬೇಡಿ. ಕಮ್ಯುನಿಸಂ ಪಕ್ಷದ ಸುತ್ತ ಕಟ್ಟಿದ್ದು. 1953ರಲ್ಲಿ ಸ್ಟಾಲಿನ್ ಸತ್ತರೂ ಪಕ್ಷ ಉಳಿಯಿತು, ಅವನನ್ನೇ ಬೈದು ಮುಂದೆ ಸಾಗಿತು, 1991ರವರೆಗೆ.

ಇದರಲ್ಲೇ ಇನ್ನೊಂದು ವಿಷಯವಿದೆ. ಕಮ್ಯುನಿಸ್ಟ್ ಸರ್ಕಾರಕ್ಕೆ ಅದರ ಮಾತನ್ನೇ ತಿರುಗಿಸಿ ಕೇಳಬಹುದು. 1980ರಲ್ಲಿ ಪೋಲೆಂಡಿನ ಗ್ದಾನ್ಸ್ಕ್ ಊರಿನಲ್ಲಿ ಹಡಗು ಕಟ್ಟುವ ಕೆಲಸಗಾರರು ಮುಷ್ಕರ ಹೂಡಿದರು. ಆ ಕಾರ್ಖಾನೆಯ ಹೆಸರೇ ಲೆನಿನ್ ಶಿಪ್‌ಯಾರ್ಡ್! ಇದು ಕಾರ್ಮಿಕರ ರಾಜ್ಯ ಅಂತೀರಲ್ಲ, ನಾವು ಕಾರ್ಮಿಕರು, ನಮಗೊಂದು ಸ್ವತಂತ್ರ ಯೂನಿಯನ್ ಕೊಡಿ ಅಂದರು. ಏನಂತ ಉತ್ತರ ಕೊಡುವುದು? 'ಸಾಲಿಡಾರಿಟಿ' ಹುಟ್ಟಿದ್ದು ಹಾಗೆ. ಒಂದು ವರ್ಷದಲ್ಲಿ ಅದರ ಸದಸ್ಯರು ಸುಮಾರು ಒಂದು ಕೋಟಿ. ಮಧ್ಯೆ ಮಿಲಿಟರಿ ಆಡಳಿತ ಹೇರಿ ತುಳಿದರು, ಆದರೂ 1989ರಲ್ಲಿ ಚುನಾವಣೆ ಗೆದ್ದರು. ನಾಜಿ ಜರ್ಮನಿಯಲ್ಲಿ ಒಬ್ಬ ಯಹೂದಿ ನಿಮ್ಮದೇ ಮಾತನ್ನು ಉಳಿಸಿಕೊಳ್ಳಿ ಅಂತ ಕೇಳುವಂತಿತ್ತೇ? ಅವರ ಮಾತೇ ಅವನನ್ನು ಮುಗಿಸುವುದಾಗಿತ್ತು.

ಈಗ ಮಂಗಳೂರಿನ ಗೆಳೆಯನ ವಾದ. "ಉದ್ದೇಶ ಒಳ್ಳೇದುಂಟು." ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಫ್ಯಾಸಿಸಂನಲ್ಲಿ ಕೊಲೆ ಫೀಚರ್, ಕಮ್ಯುನಿಸಂನಲ್ಲಿ ಕೊಲೆ ಬರೀ ಬಗ್ ಅನ್ನುವ ವಾದ ಇದು. ಬಹಳ ದಿನ ನಾನೂ ಇದನ್ನೇ ನಂಬಿದ್ದೆ. ಆದರೆ ಒಂದು ಸಾಫ್ಟ್‌ವೇರನ್ನು ರಷ್ಯಾದಲ್ಲಿ ಹಾಕಿದಾಗ ಕ್ರ್ಯಾಶ್ ಆಯ್ತು, ಚೀನಾದಲ್ಲಿ ಆಯ್ತು, ರುಮೇನಿಯಾದಲ್ಲಿ ಆಯ್ತು, ಕಾಂಬೋಡಿಯಾದಲ್ಲಂತೂ ಮಷೀನೇ ಸುಟ್ಟುಹೋಯ್ತು ಅಂದರೆ ನೀವು ಏನಂತೀರಿ? ಯೂಸರ್‌ಗಳದ್ದೇ ತಪ್ಪು ಅಂತೀರಾ? ಡಿಸೈನ್ ಡಾಕ್ಯುಮೆಂಟ್ ತೆಗೆದು ನೋಡ್ತೀರಿ ತಾನೆ?

ಡಿಸೈನಿನಲ್ಲಿರುವ ತೊಂದರೆ ಏನೆಂದರೆ ಅದರಲ್ಲಿ ಟೆಸ್ಟರ್‌ಗಳಿಗೆ ಜಾಗವೇ ಇಲ್ಲ. ಒಂದು ಉದಾಹರಣೆ ಸಾಕು. 1937ರ ಜನವರಿಯಲ್ಲಿ ಸೋವಿಯತ್ ಒಕ್ಕೂಟದಲ್ಲಿ ಜನಗಣತಿ ನಡೆಯಿತು. ಬಂದ ಲೆಕ್ಕ ಸುಮಾರು 16 ಕೋಟಿ 20 ಲಕ್ಷ. ಸರ್ಕಾರ ಹೇಳಿಕೊಂಡು ಬಂದಿದ್ದ ಲೆಕ್ಕಕ್ಕಿಂತ ಇದು ಬಹಳ ಕಡಿಮೆ. ಬರಗಾಲದಲ್ಲಿ ಸತ್ತವರು ಎಣಿಕೆಗೆ ಎಲ್ಲಿಂದ ಬರಬೇಕು? ಸ್ಟಾಲಿನ್ ಏನು ಮಾಡಿದ? ಜನಗಣತಿಯನ್ನೇ ರದ್ದು ಮಾಡಿ, ಅದನ್ನು ನಡೆಸಿದ ಹಿರಿಯ ಅಧಿಕಾರಿಗಳನ್ನು ಬಂಧಿಸಿ ಕೊಲ್ಲಿಸಿದ. ಬಗ್ ರಿಪೋರ್ಟ್ ಮಾಡಿದವನಿಗೇ ಗುಂಡು. ಚೀನಾದಲ್ಲೂ ಇದೇ. 1959ರಲ್ಲಿ ರಕ್ಷಣಾ ಮಂತ್ರಿ ಪೆಂಗ್ ದೆಹುವಾಯ್, ಹಳ್ಳಿಗಳ ಸ್ಥಿತಿ ಸರಿಯಿಲ್ಲ ಅಂತ ಮಾವೋಗೆ ಕಾಗದ ಬರೆದ, ಕೆಲಸ ಕಳೆದುಕೊಂಡ. ಬರಗಾಲ ಮುಂದುವರಿಯಿತು, ಕೋಟಿಗಟ್ಟಲೆ ಜನ ಸತ್ತರು. ಗೆಳೆಯ ಮೆಚ್ಚುವ ಚೀನಾದ ಹೈಸ್ಪೀಡ್ ರೈಲು, ಫ್ಯಾಕ್ಟರಿ ಎಲ್ಲ ಬಂದದ್ದು ಮಾವೋ ಸತ್ತ ಮೇಲೆ, 1978ರ ನಂತರ ರೈತನಿಗೆ ತನ್ನ ಬೆಳೆ ಮಾರಲು, ವ್ಯಾಪಾರಿಗೆ ಅಂಗಡಿ ತೆರೆಯಲು ಬಿಟ್ಟ ಮೇಲೆ.

ಒಳ್ಳೆಯ ಉದ್ದೇಶ ಇದ್ದರೆ ಸರ್ವಾಧಿಕಾರಿ ಕಡಿಮೆ ಅಪಾಯಕಾರಿ ಅಂದುಕೊಂಡಿದ್ದೆ. ಈಗ ಅನ್ನಿಸುವುದು ಬೇರೆ. ಒಳ್ಳೆಯ ಉದ್ದೇಶಕ್ಕೆ ಒಳ್ಳೆಯ ಜನ ಮರುಳಾಗ್ತಾರೆ, ಮರುಳಾದ ಮೇಲೆ ಕಣ್ಣೆದುರಿನದ್ದನ್ನೂ ನೋಡಲ್ಲ. ಹಾಗಂತ ಕೊಲೆಯನ್ನೇ ಗುರಿ ಮಾಡಿಕೊಂಡವನೂ, ಗುರಿಗಾಗಿ ಕೊಲೆ ಮಾಡಿದವನೂ ಒಂದೇ ಅಂತ ಹೇಳಲು ನನ್ನ ನಾಲಿಗೆ ಬರಲ್ಲ. ಆ ವ್ಯತ್ಯಾಸ ಇತಿಹಾಸ ಬರೆಯುವವರಿಗೆ ಬೇಕು. ಗುಂಡಿಯಲ್ಲಿ ಬಿದ್ದವನಿಗೆ ಬೇಡ.

ಮಂಡ್ಯದ ಗೆಳೆಯನಿಗೂ ಒಂದು ಮಾತು. ಹಿಟ್ಲರ್ ಅಂದರೆ ರಸ್ತೆ ಅಂತ ಎಲ್ಲರ ತಲೆಯಲ್ಲಿದೆ. ಕಲೋನ್‌ನಿಂದ ಬಾನ್‌ಗೆ ಹೋಗುವ ಹೆದ್ದಾರಿ ಉದ್ಘಾಟನೆಯಾದದ್ದು 1932ರ ಆಗಸ್ಟಿನಲ್ಲಿ. ಉದ್ಘಾಟಿಸಿದವನು ಕಲೋನ್ ನಗರದ ಮೇಯರ್ ಕಾನ್ರಾಡ್ ಆಡನೌವರ್. ಹಿಟ್ಲರ್ ಇನ್ನೂ ಅಧಿಕಾರಕ್ಕೇ ಬಂದಿರಲಿಲ್ಲ. ಬಂದ ಕೂಡಲೇ ಈ ಮೇಯರನ್ನು ಕಿತ್ತು ಹಾಕಿದ. ಯುದ್ಧ ಮುಗಿದ ಮೇಲೆ ಇದೇ ಆಡನೌವರ್ ಪಶ್ಚಿಮ ಜರ್ಮನಿಯ ಮೊದಲ ಚಾನ್ಸಲರ್ ಆಗಿ, ಪಾಳುಬಿದ್ದ ದೇಶವನ್ನು ಎತ್ತಿ ನಿಲ್ಲಿಸಿದ. ಅದೂ ಪ್ರತಿ ನಾಲ್ಕು ವರ್ಷಕ್ಕೊಮ್ಮೆ ಓಟು ಕೇಳಿಕೊಂಡು. ಸಿಲ್ಕ್ ಬೋರ್ಡಿಗೆ ಬೇಕಾದ್ದು ಇಂಥ ಮೇಯರ್ ಗುರೂ, ಹಿಟ್ಲರ್ ಅಲ್ಲ.

ಸರಿ, ಇಷ್ಟೆಲ್ಲ ವ್ಯತ್ಯಾಸ ತಿಳಿದು ಮಾಡುವುದೇನು? ನನಗನ್ನಿಸಿದ ಮುಖ್ಯ ವಿಷಯ ಇದು. ಈ ಎರಡೂ ಒಂದನ್ನೊಂದು ತೋರಿಸಿ ಬೆಳೆದವು. ಕಮ್ಯುನಿಸ್ಟರು ಬಂದುಬಿಡ್ತಾರೆ ಅಂತ ಹೆದರಿಸಿ ಮುಸೊಲಿನಿ, ಹಿಟ್ಲರ್ ಮೇಲೆ ಬಂದರು. 1933ರ ಫೆಬ್ರವರಿ 27ರಂದು ಜರ್ಮನಿಯ ಸಂಸತ್ ಭವನಕ್ಕೆ ಬೆಂಕಿ ಬಿತ್ತು, ಕಮ್ಯುನಿಸ್ಟರ ಕೈವಾಡ ಅಂದರು, ಮರುದಿನವೇ ನಾಗರಿಕ ಹಕ್ಕುಗಳು ಹೋದವು. ಮಾರ್ಚ್ 23ಕ್ಕೆ ಹಿಟ್ಲರನಿಗೆ ಸರ್ವಾಧಿಕಾರ ಕೊಡುವ ಕಾನೂನು ಬಂದಾಗ ಕಮ್ಯುನಿಸ್ಟ್ ಸದಸ್ಯರು ಜೈಲಿನಲ್ಲಿದ್ದರು, ಇಲ್ಲವೇ ತಲೆಮರೆಸಿಕೊಂಡಿದ್ದರು. ವಿರುದ್ಧ ಬಿದ್ದದ್ದು ಸೋಷಿಯಲ್ ಡೆಮಾಕ್ರಟರ 94 ಮತ ಮಾತ್ರ. ಇನ್ನೊಂದು ಕಡೆ, 1961ರ ಆಗಸ್ಟಿನಲ್ಲಿ ಪೂರ್ವ ಜರ್ಮನಿಯ ಕಮ್ಯುನಿಸ್ಟರು ತಮ್ಮ ಜನ ಓಡಿಹೋಗದಂತೆ ಬರ್ಲಿನ್ ಗೋಡೆ ಕಟ್ಟಿದರಲ್ಲ, ಅದಕ್ಕೆ ಅವರಿಟ್ಟ ಸರ್ಕಾರಿ ಹೆಸರೇನು ಗೊತ್ತಾ? 'ಫ್ಯಾಸಿಸ್ಟ್ ವಿರೋಧಿ ರಕ್ಷಣಾ ಗೋಡೆ'!

ತಮಾಷೆಯಲ್ಲ. 1932ರ ನವೆಂಬರ್ ಚುನಾವಣೆಯ ಲೆಕ್ಕ ನೋಡಿ. ನಾಜಿಗಳಿಗೆ 33.1 ಶೇಕಡಾ ಓಟು, ಸೋಷಿಯಲ್ ಡೆಮಾಕ್ರಟರಿಗೆ 20.4, ಕಮ್ಯುನಿಸ್ಟರಿಗೆ 16.9. ಕೂಡಿಸಿ ನೋಡಿ, ಇವರಿಬ್ಬರದ್ದೇ ಹೆಚ್ಚು. ಆದರೆ ಕಮ್ಯುನಿಸ್ಟರು ಸೋಷಿಯಲ್ ಡೆಮಾಕ್ರಟರನ್ನು 'ಸೋಷಿಯಲ್ ಫ್ಯಾಸಿಸ್ಟ್' ಅಂತ ಕರೆಯುತ್ತಿದ್ದರು, ಮಾಸ್ಕೋದ ಅಪ್ಪಣೆ ಹಾಗಿತ್ತು. ಕಂಡವರಿಗೆಲ್ಲ ಫ್ಯಾಸಿಸ್ಟ್ ಅಂದವರಿಗೆ ನಿಜವಾದ ಫ್ಯಾಸಿಸ್ಟ್ ಬಂದಾಗ ಬೇರೆ ಪದವೇ ಉಳಿದಿರಲಿಲ್ಲ. ಇದನ್ನು ನಾವೂ ನೆನಪಿಡಬೇಕು. ಒಪ್ಪದವರಿಗೆಲ್ಲ ಕಮ್ಯುನಿಸ್ಟ್, ಫ್ಯಾಸಿಸ್ಟ್ ಅಂತ ಹಣೆಪಟ್ಟಿ ಹಚ್ಚುವುದು ನಮ್ಮಲ್ಲೂ ಕಮ್ಮಿಯೇನಿಲ್ಲ.

ಈಗ ಮಾರ್ಗರೆಟ್ ಕಥೆ ಮುಂದುವರಿಸ್ತೀನಿ.

1939ರ ಆಗಸ್ಟಿನಲ್ಲಿ ಹಿಟ್ಲರ್ ಮತ್ತು ಸ್ಟಾಲಿನ್ ಒಪ್ಪಂದ ಮಾಡಿಕೊಂಡು ಪೋಲೆಂಡನ್ನು ಹಂಚಿಕೊಂಡರು. 1940ರ ಆರಂಭದಲ್ಲಿ ಆಕೆಯನ್ನು ಕರಗಂಡದಿಂದ ಮಾಸ್ಕೋಗೆ ಕರೆತಂದರು. ಬಿಡುಗಡೆಯೇನೋ ಅಂದುಕೊಂಡಳು. ಫೆಬ್ರವರಿಯ ಚಳಿಯಲ್ಲಿ ಬ್ರೆಸ್ಟ್ ಲಿಟೊವ್ಸ್ಕ್ ಎಂಬಲ್ಲಿನ ಸೇತುವೆಗೆ ತಂದು ನಿಲ್ಲಿಸಿದರು. ಈಚೆ ದಡದಲ್ಲಿ ಸೋವಿಯತ್ ಪೊಲೀಸರು, ಆಚೆಯಿಂದ ಬರುತ್ತಿದ್ದವರು ಹಿಟ್ಲರನ ಎಸ್ಸೆಸ್ ಪಡೆಯವರು. ಪಟ್ಟಿ ಓದಿ, ಹೆಸರು ಕರೆದು, ಒಬ್ಬೊಬ್ಬರನ್ನೇ ದಾಟಿಸಿದರು. ಯಾವ ಹಿಟ್ಲರನಿಗೆ ಹೆದರಿ ಸ್ಟಾಲಿನ್ನನ ನಾಡಿಗೆ ಓಡಿಬಂದಿದ್ದರೋ ಅದೇ ಹಿಟ್ಲರನ ಕೈಗೆ. ದಾಟಲು ಒಪ್ಪದವರನ್ನು ಎಳೆದುಕೊಂಡು ಹೋದರು. ನಾನು ಈ ಪುಟವನ್ನು ಮೆಟ್ರೋದಲ್ಲಿ ಕೂತು ಓದಿದ್ದು. ಇಳಿಯಬೇಕಾದ ಸ್ಟೇಷನ್ ದಾಟಿ ಹೋಗಿತ್ತು.

ಅಲ್ಲಿಂದ ಆಕೆ ರಾವೆನ್ಸ್‌ಬ್ರೂಕ್ ಎಂಬ ಹೆಂಗಸರ ಕ್ಯಾಂಪಿಗೆ ಹೋದಳು. ಆಕೆ ಕಂಡ ವ್ಯತ್ಯಾಸ ನೋಡಿ. ಕರಗಂಡದಲ್ಲಿ ಕೊಳಕು, ಹೇನು, ತಿಗಣೆ, ಕೊನೆಯಿಲ್ಲದ ಬಯಲು. ಎಷ್ಟು ಕೆಲಸವೋ ಅಷ್ಟೇ ರೊಟ್ಟಿ. ರಾವೆನ್ಸ್‌ಬ್ರೂಕ್‌ನಲ್ಲಿ ಗೆರೆ ಎಳೆದಂಥ ಬೀದಿಗಳು, ಹೂವಿನ ಪಾತಿಗಳು, ಹಾಸಿಗೆ ಸುಕ್ಕಾದರೆ ಶಿಕ್ಷೆ. ಅಷ್ಟು ಅಚ್ಚುಕಟ್ಟಾದ ಆ ಕ್ಯಾಂಪಿನಲ್ಲೇ 1945ರ ಆರಂಭಕ್ಕೆ ಗ್ಯಾಸ್ ಚೇಂಬರ್ ಬಂತು.

ಆದರೆ ನನ್ನನ್ನು ಅಲ್ಲಾಡಿಸಿದ್ದು ಬೇರೆ. ಆ ಕ್ಯಾಂಪಿನಲ್ಲಿ ಅವಳ ಹಳೆಯ ಪಕ್ಷದ ಕಮ್ಯುನಿಸ್ಟ್ ಹೆಂಗಸರೂ ಇದ್ದರು. ಸೋವಿಯತ್ ನಾಡಿನ ಸುದ್ದಿ ಕೇಳಿದರು. ಇವಳು ಕಂಡದ್ದನ್ನು ಕಂಡ ಹಾಗೆ ಹೇಳಿದಳು. ಅವರು ನಂಬಲಿಲ್ಲ. ಟ್ರಾಟ್ಸ್ಕಿವಾದಿ, ದ್ರೋಹಿ ಅಂತ ಹೇಳಿ ಬಹಿಷ್ಕಾರ ಹಾಕಿದರು. ಹಿಟ್ಲರನ ಮುಳ್ಳುತಂತಿಯ ಒಳಗೆ, ಎಲ್ಲರೂ ಒಂದೇ ಗಂಜಿ ಕುಡಿಯುತ್ತ! ಅವರು ಕೆಟ್ಟವರಲ್ಲ. ಫ್ಯಾಸಿಸಂ ವಿರುದ್ಧ ಹೋರಾಡಿ ಬಂದ ಧೈರ್ಯವಂತರು. ಆದರೆ ಅವರು ಕಲಿತಿದ್ದು ಒಂದೇ ಕಡೆಯ ಭಯ. ಅವಳ ಜೊತೆ ನಿಂತವಳು ಮಿಲೆನಾ ಯೆಸೆನ್ಸ್ಕಾ ಎಂಬ ಜೆಕ್ ಪತ್ರಕರ್ತೆ, ಕಾಫ್ಕಾನ ಗೆಳತಿ. ಅವಳು 1944ರಲ್ಲಿ ಅಲ್ಲೇ ಸತ್ತಳು.

1945ರ ಏಪ್ರಿಲಿನಲ್ಲಿ ಮಾರ್ಗರೆಟ್‌ಗೆ ಬಿಡುಗಡೆಯಾಯಿತು. ಬಿಡುಗಡೆಯಾದ ಮೇಲೆ ಮೊದಲು ಮಾಡಿದ ಕೆಲಸ, ಪಶ್ಚಿಮಕ್ಕೆ ಓಡಿದ್ದು. ಹಿಂದೆ ಕೆಂಪು ಸೇನೆ ಬರುತ್ತಿತ್ತು. ಆಕೆ ತೀರಿಕೊಂಡದ್ದು 1989ರ ನವೆಂಬರ್ 6ರಂದು. ಮೂರು ದಿನದ ನಂತರ ಬರ್ಲಿನ್ ಗೋಡೆ ಬಿತ್ತು.

ಪುಸ್ತಕ ಮುಗಿಸಿದ ಭಾನುವಾರ ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. "ನೀವೇ ಹೇಳಿದ್ರಲ್ಲಪ್ಪ, ಆಳಿಸಿಕೊಂಡವರ ಪುಸ್ತಕ ಓದು ಅಂತ. ನಿಮ್ಮ ಕಪಾಟಿನಲ್ಲಿ ಇರೋದೂ ಆಳಿದವರ ಪುಸ್ತಕವೇ ಅಲ್ವಾ?" ಅಂದೆ. ಅಂದ ಮೇಲೆ ಅನ್ನಬಾರದಿತ್ತು ಅನ್ನಿಸಿತು. ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಆ ಪುಸ್ತಕದ ಹಾಳೆ ತುಂಬ ಚೆನ್ನಾಗಿತ್ತು ಕಣೋ" ಅಂದರು. ನಂತರ, "ಬರೋವಾಗ ಅದನ್ನ ತಗೊಂಡು ಬಾ" ಅಂದರು. ತಗೊಂಡು ಹೋಗಿ ಕೊಟ್ಟೆ. ಪೂರ್ತಿ ಓದಿದ್ದಾರೆ. ಅದರ ಬಗ್ಗೆ ಇನ್ನೂ ನಾವಿಬ್ಬರು ಮಾತಾಡಿಲ್ಲ. ಆದರೆ ಅದು ಈಗ ಅದೇ ಕಪಾಟಿನಲ್ಲಿ, ಅದೇ ಸಾಲಿನಲ್ಲಿದೆ.

ಕೊನೆಗೆ ನಮ್ಮೂರಿನ ಮಾತು. ಗಾಂಧಿನಗರದ ಹತ್ತಿರದ ಫ್ರೀಡಂ ಪಾರ್ಕ್ ನೋಡಿದ್ದೀರಲ್ಲ? ಅದು ಹಳೆಯ ಸೆಂಟ್ರಲ್ ಜೈಲು. 1975ರ ಜೂನ್ 25ರಂದು ತುರ್ತು ಪರಿಸ್ಥಿತಿ ಘೋಷಣೆಯಾದಾಗ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಬೆಂಗಳೂರಿನಲ್ಲಿದ್ದರು, ಅವರನ್ನು ಹಿಡಿದು ಅಲ್ಲಿಟ್ಟರು. ಜನಸಂಘದವರೂ ಸಮಾಜವಾದಿಯೂ ಒಂದೇ ಜೈಲಿನಲ್ಲಿ. 'ಸಂಸ್ಕಾರ' ಸಿನಿಮಾದ ನಟಿ ಸ್ನೇಹಲತಾ ರೆಡ್ಡಿಯನ್ನೂ 1976ರಲ್ಲಿ ಅಲ್ಲೇ ಇಟ್ಟಿದ್ದರು. ಅಸ್ತಮಾ ರೋಗಿ. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು.

ತುರ್ತು ಪರಿಸ್ಥಿತಿ ಫ್ಯಾಸಿಸಂ ಅಲ್ಲ, ಕಮ್ಯುನಿಸಂ ಅಲ್ಲ. ಕರಗಂಡಕ್ಕೋ ರಾವೆನ್ಸ್‌ಬ್ರೂಕ್‌ಗೋ ಹೋಲಿಸಿದರೆ ಅದು ಸತ್ತವರಿಗೆ ಮಾಡುವ ಅವಮಾನ. ಆದರೆ ಮೊದಲ ಹೆಜ್ಜೆ ಮೂರರಲ್ಲೂ ಒಂದೇ ಥರ ಇತ್ತು: ಪತ್ರಿಕೆಗೆ ಸೆನ್ಸಾರ್, ವಿಚಾರಣೆಯಿಲ್ಲದೆ ಜೈಲು, ಎದುರು ಮಾತಾಡುವವರೆಲ್ಲ ದೇಶಕ್ಕೆ ಅಪಾಯ. ರೈಲು ಸಮಯಕ್ಕೆ ಬರ್ತಿತ್ತು ಅಂತ ಈಗಲೂ ಹೇಳುವವರಿದ್ದಾರೆ. ನಮಗಿದ್ದ ಪುಣ್ಯ ಏನೆಂದರೆ 1977ರ ಮಾರ್ಚಿನಲ್ಲಿ ಚುನಾವಣೆ ನಡೆಯಿತು, ಸೋತವರು ಇಳಿದು ಹೋದರು. ಆ ಬಾಗಿಲು ಮುಚ್ಚಿರಲಿಲ್ಲ. ಮಾರ್ಗರೆಟ್‌ಗೆ ಸೇತುವೆಯ ಎರಡು ತುದಿಯಲ್ಲೂ ಆ ಬಾಗಿಲು ಇರಲಿಲ್ಲ.

ಹಾಗಾಗಿ ನನ್ನ ಉತ್ತರ: ಎರಡೂ ಒಂದೇ ಅಲ್ಲ. ಒಂದು ಹುಟ್ಟನ್ನು ನೋಡಿ ಹೊಡೆಯುತ್ತೆ, ಇನ್ನೊಂದು ಬಡವನ ಹೆಸರು ಹೇಳಿ ಹೊಡೆಯುತ್ತೆ. ಬೇರೆ ಬೇರೆ ವೇಷದಲ್ಲಿ ಬರುವುದರಿಂದಲೇ ಎರಡರ ಗುರುತೂ ಬೇರೆ ಬೇರೆಯಾಗಿ ಗೊತ್ತಿರಬೇಕು. ಒಂದಕ್ಕೆ ಹೆದರಿ ಇನ್ನೊಂದರ ಮಡಿಲಿಗೆ ಬೀಳದಿರಲು ಅದೊಂದೇ ದಾರಿ.

ನಿನ್ನೆ ಕ್ಯಾಬಿನಲ್ಲಿ ಮಂಡ್ಯದವನಿಗೆ ಇದರಲ್ಲಿ ಅರ್ಧ ಹೇಳಿದೆ. ಸಿಗ್ನಲ್ ಕೆಂಪಿಗೇ ಇತ್ತು. ಎಲ್ಲ ಕೇಳಿ, "ಸರಿ ಗುರೂ, ಹಿಟ್ಲರ್ ಬೇಡ. ಆದ್ರೆ ಈ ಫ್ಲೈಓವರಿಗೆ ಯಾರನ್ನ ಕೇಳೋದು?" ಅಂದ. ವಾರ್ಡಿನಲ್ಲಿ ಕಾರ್ಪೊರೇಷನ್ ಚುನಾವಣೆ ನಡೆದರೆ ಓಟು ಹಾಕ್ತೀಯಾ ಅಂತ ಕೇಳಿದೆ. ನಕ್ಕ. ಅವನ ಓಟು ಇನ್ನೂ ಊರಿನಲ್ಲೇ ಇದೆಯಂತೆ. ನನ್ನದೂ ಅಷ್ಟೆ, ಈ ವಾರ ಅರ್ಜಿ ಹಾಕಬೇಕು.

ನೀವೇನಂತೀರಿ? ಒಪ್ಪದಿದ್ದರೆ ಧಾರಾಳವಾಗಿ ಬೈಯಿರಿ. ಹಾಗೆ ಬೈಯಬಹುದಾದ ಜಾಗ ಉಳಿದಿರಲಿ ಅನ್ನುವುದಕ್ಕೇ ಇಷ್ಟೆಲ್ಲ ಬರೆದದ್ದು.